ಕನೂ ಪಯಣಕ್ಕೆ ಗಂಟು ಕಟ್ಟುವ ಮುನ್ನ ಹೊರೆಗಳನ್ನು ಎಣಿಸಿ

ಪ್ರಶ್ನೆ: ನಾನು ಮತ್ತು ನನ್ನ ಸ್ನೇಹಿತ ಈ ಬೇಸಿಗೆಯ ಕೊನೆಯಲ್ಲಿ, ಕಾಡಿನ ನಡುವಿನ ಸರೋವರಗಳ ಸರಣಿಯೊಂದರಲ್ಲಿ ಆರು ರಾತ್ರಿ, ಏಳು ಹಗಲಿನ ಕನೂ (ಹುಟ್ಟು ಹಾಕಿ ನಡೆಸುವ, ಕಿರಿದಾದ ತೆರೆದ ದೋಣಿ) ಪಯಣಕ್ಕೆ ಹೊರಟಿದ್ದೇವೆ. ದಾರಿಯಲ್ಲಿ ಒಂಬತ್ತು ಪೋರ್ಟೇಜ್‌ಗಳಿವೆ, ಅಂದರೆ ದೋಣಿ ಸಾಮಾನುಗಳನ್ನು ಹೊತ್ತು ನಡೆಯಬೇಕಾದ ಕಾಲುದಾರಿಗಳು. ಅವುಗಳ ಒಟ್ಟು ಉದ್ದ ನಾಲ್ಕು ಕಿಲೋಮೀಟರ್. ಒಂದು ಕಡೆ ಮಾತ್ರ ರಭಸವಾಗಿ ಹರಿಯುವ ನೀರಿದೆ. ಇಬ್ಬರಿಗೂ ಚಾರಣದ ಅನುಭವ ಚೆನ್ನಾಗಿದೆ, ಕನೂವಿನ ಅನುಭವ ಅಷ್ಟಕ್ಕಷ್ಟೇ. ಭಾರವನ್ನು ದೋಣಿಯೇ ಹೊರುವುದರಿಂದ ಸಾಮಾನನ್ನು ಧಾರಾಳವಾಗಿ ಒಯ್ಯಬಹುದು ಎಂದು ಕೆಲವರು ಹೇಳುತ್ತಾರೆ. ಚಾರಣದ ಬೆನ್ನುಚೀಲಗಳೇ ಸಾಕೆ? ಪ್ರತಿಯೊಂದಕ್ಕೂ ಡ್ರೈ ಬ್ಯಾಗ್ (ನೀರು ಒಳಹೋಗದ ಚೀಲ) ಬೇಕೆ? ಚೀಲಗಳನ್ನು ದೋಣಿಗೆ ಕಟ್ಟಬೇಕೆ, ಬೇಡವೆ?

ಉತ್ತರ: ಭಾರವನ್ನು ದೋಣಿ ಹೊರುತ್ತದೆ ಎಂಬ ಮಾತು ನೀರಿನ ಮೇಲೆ ಇರುವವರೆಗೆ ನಿಜ. ಇಬ್ಬರು ಕೂರುವ 17 ಅಡಿಯ ಕನೂ ನಿಮ್ಮಿಬ್ಬರ ಜೊತೆಗೆ ಒಂದು ವಾರದ ಸಾಮಾನನ್ನೂ ಹೊತ್ತು, ಇನ್ನೂ ಜಾಗ ಉಳಿಸಿಕೊಂಡು ತೇಲುತ್ತದೆ. ಆ ಖಾಲಿ ಜಾಗವೇ ಹೊಸಬರಿಗೆ ಆಸೆ ಹುಟ್ಟಿಸುತ್ತದೆ. ಆದರೆ ಒಂದು ಸರೋವರ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಕಾಲುದಾರಿಯಲ್ಲಿ, ಅಂದರೆ ಪೋರ್ಟೇಜ್‌ನಲ್ಲಿ, ದೋಣಿಯೂ ಸೇರಿದಂತೆ ಎಲ್ಲವೂ ನಿಮ್ಮ ಹೆಗಲಿಗೆ ಬರುತ್ತದೆ. ಹಾಗಾಗಿ ಏನೇನು ಒಯ್ಯಬೇಕು ಎಂಬ ಪಟ್ಟಿಗಿಂತ ಮೊದಲು, ಒಟ್ಟು ಎಷ್ಟು ಹೊರೆಗಳಾಗುತ್ತವೆ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಉಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರಿಂದಲೇ ಬಗೆಹರಿಯುತ್ತವೆ.

ಲೆಕ್ಕ ಸರಳವಾಗಿದೆ. ಒಬ್ಬರು ಒಂದೇ ಸಲಕ್ಕೆ ತಮ್ಮ ಪಾಲಿನದ್ದನ್ನು ಸಾಗಿಸಿದರೆ ನಾಲ್ಕು ಕಿಲೋಮೀಟರಿನ ಪೋರ್ಟೇಜ್ ನಾಲ್ಕು ಕಿಲೋಮೀಟರ್ ಆಗಿಯೇ ಉಳಿಯುತ್ತದೆ. ಎರಡು ಸಲ ಹೊರಬೇಕಾದರೆ ಹೊತ್ತು ಹೋಗಿ, ಬರಿಗೈಯಲ್ಲಿ ಮರಳಿ, ಮತ್ತೆ ಹೊತ್ತು ಹೋಗಬೇಕು. ಆಗ ನಡಿಗೆ ಮೂರು ಪಟ್ಟಾಗಿ 12 ಕಿಲೋಮೀಟರ್ ಆಗುತ್ತದೆ. ಮೂರು ಸಲವಾದರೆ ಐದು ಪಟ್ಟು, ಅಂದರೆ 20 ಕಿಲೋಮೀಟರ್. ನಿಮ್ಮಂತಹ ಇಬ್ಬರಿಗೆ ದೋಣಿ ಒಂದು ಹೊರೆ, ಜೊತೆಗೆ ಮೂರು ಚೀಲಗಳೆಂದರೆ ಒಟ್ಟು ನಾಲ್ಕು; ತಲಾ ಎರಡು ಸಲದಲ್ಲಿ ಕೆಲಸ ಮುಗಿಯುತ್ತದೆ. ಐದನೆಯ ಹೊರೆಯೊಂದು ಸೇರಿಕೊಂಡ ಕ್ಷಣದಿಂದ, ಅದು ಐದು ಕಿಲೋ ಇರಲಿ ಹದಿನೈದು ಕಿಲೋ ಇರಲಿ, ಇಬ್ಬರಲ್ಲಿ ಒಬ್ಬರು ಪ್ರತಿ ಪೋರ್ಟೇಜ್‌ನಲ್ಲೂ ಮತ್ತೊಮ್ಮೆ ಹೋಗಿ ಬರಬೇಕಾಗುತ್ತದೆ. ಆದ್ದರಿಂದ ನಾಲ್ಕು ಹೊರೆಗಳ ಮಿತಿಯನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಒಂದೇ ಸಲದ ಸಾಗಣೆಯನ್ನು ಸಾಧಿಸುವವರೂ ಇದ್ದಾರೆ. ಒಬ್ಬರು ದೋಣಿಯ ಜೊತೆ ಹಗುರ ಚೀಲವೊಂದನ್ನು, ಇನ್ನೊಬ್ಬರು ಉಳಿದದ್ದೆಲ್ಲವನ್ನೂ ಹೊರುತ್ತಾರೆ. ಮೊದಲ ಪಯಣದಲ್ಲಿ ಅದರ ಬೆನ್ನು ಹತ್ತುವುದು ಬೇಡವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೇರು ಕಲ್ಲುಗಳ ಜಾರುದಾರಿಯಲ್ಲಿ ಮಿತಿಮೀರಿದ ಭಾರ ಹೊತ್ತು ಕಾಲು ಉಳುಕಿಸಿಕೊಳ್ಳುವುದಕ್ಕಿಂತ ಎರಡು ಸಲ ನಡೆಯುವುದು ಲೇಸು.

ಈ ಹೊರೆಲೆಕ್ಕ ಇಂದಿನದೇನೂ ಅಲ್ಲ. ಉತ್ತರ ಅಮೆರಿಕದ ತುಪ್ಪಳ ವ್ಯಾಪಾರದ ಕಾಲದಲ್ಲಿ ದೋಣಿ ನಡೆಸುತ್ತಿದ್ದ ವೋಯಜರ್ ಎಂಬ ಕೂಲಿಯಾಳುಗಳು ಸರಕನ್ನೆಲ್ಲ 90 ಪೌಂಡಿನ, ಅಂದರೆ ಸುಮಾರು 41 ಕಿಲೋ ತೂಕದ ಏಕರೂಪದ ಗಂಟುಗಳನ್ನಾಗಿ ಕಟ್ಟುತ್ತಿದ್ದರು. ಹಣೆಗೆ ಆತುಕೊಳ್ಳುವ ಪಟ್ಟಿಯ ಆಸರೆಯಲ್ಲಿ ಅಂತಹ ಎರಡು ಗಂಟುಗಳನ್ನು ಒಟ್ಟಿಗೆ ಹೊರುವುದು ಅವರ ವಾಡಿಕೆಯಾಗಿತ್ತು. ಆ ಭಾರವನ್ನು ಅನುಕರಿಸುವ ಅಗತ್ಯ ನಮಗಿಲ್ಲ. ಆದರೆ ಚಿಲ್ಲರೆ ಸಾಮಾನು ಯಾವುದೂ ಗಂಟಿನ ಹೊರಗೆ ಉಳಿಯದಂತೆ ಅವರು ನೋಡಿಕೊಳ್ಳುತ್ತಿದ್ದ ಕ್ರಮ ಇಂದಿಗೂ ಅಷ್ಟೇ ಉಪಯುಕ್ತ. ಕೈಯಲ್ಲಿ ನೇತಾಡುವ ಪಾತ್ರೆ, ಬಗಲಲ್ಲಿ ಸಿಕ್ಕಿಸಿಕೊಂಡ ಚಾಪೆ, ಬೆರಳಿಗೆ ಸಿಕ್ಕಿಸಿಕೊಂಡ ನೀರಿನ ಬಾಟಲಿ, ಇವೇ ಪೋರ್ಟೇಜ್‌ನ ತುದಿಯಲ್ಲಿ ಮರೆತುಹೋಗುವ ವಸ್ತುಗಳು.

ಈಗ ನಿಮ್ಮ ಬೆನ್ನುಚೀಲದ ಪ್ರಶ್ನೆಗೆ ಬರೋಣ. ಚಾರಣದ ಚೀಲ ನಡೆಯಬಲ್ಲದು, ಆದರೆ ಕನೂವಿಗೆ ಹೇಳಿಮಾಡಿಸಿದ್ದಲ್ಲ. ಅದು ಎತ್ತರವಾಗಿ, ಕಿರಿದಾಗಿ, ಒಳಗೆ ಗಟ್ಟಿ ಚೌಕಟ್ಟಿನೊಂದಿಗೆ ಬರುತ್ತದೆ. ದೋಣಿಯಲ್ಲಿ ಮಲಗಿಸಿದರೆ ಅದರ ಪಟ್ಟಿ ಬಕಲ್‌ಗಳು ಅಡ್ಡಪಟ್ಟಿಗಳಿಗೆ ಸಿಕ್ಕಿಕೊಳ್ಳುತ್ತವೆ, ನಿಲ್ಲಿಸಿದರೆ ದೋಣಿಯ ಅಂಚಿಗಿಂತ ಮೇಲೆ ನಿಂತು ಗಾಳಿಗೆ ಎದೆಯೊಡ್ಡುತ್ತದೆ. ಕನೂವಿಗೆಂದೇ ಹೊಲಿಯುವ ಚೀಲಗಳು ಅಗಲವಾಗಿ, ಕುಳ್ಳಗೆ, ಚೌಕಟ್ಟಿಲ್ಲದೆ ಇರುವುದು ಈ ಕಾರಣಕ್ಕೆ. ಇವುಗಳ ಮೂಲಮಾದರಿಯಾದ ಡುಲೂತ್ ಚೀಲಕ್ಕೆ ಕಮೀಲ್ ಪಾಯಿರಿಯರ್ ಎಂಬವರು 1882ರಲ್ಲಿ ಪೇಟೆಂಟ್ ಪಡೆದರು. ಕ್ಯಾನ್ವಾಸ್ ಬಟ್ಟೆಯ ಆ ದೊಡ್ಡ ಲಕೋಟೆಯ ಆಕಾರ ಇಂದಿಗೂ ಹೆಚ್ಚು ಬದಲಾಗಿಲ್ಲ. ಇಂತಹದ್ದನ್ನು ಬಾಡಿಗೆಗೆ ಪಡೆಯಲು ಸಾಧ್ಯವಾದರೆ ಪಡೆಯಿರಿ. ಸಾಧ್ಯವಾಗದಿದ್ದರೆ ನಿಮ್ಮ ಚಾರಣದ ಚೀಲಗಳಲ್ಲಿ ದೊಡ್ಡದನ್ನೇ ಆರಿಸಿ, ಸೊಂಟದ ಪಟ್ಟಿಯನ್ನು ಹಿಂದಕ್ಕೆ ಸುತ್ತಿ ಬಕಲ್ ಹಾಕಿಬಿಡಿ, ನೇತಾಡುವ ದಾರಗಳನ್ನೆಲ್ಲ ಒಳಗೆ ಸೇರಿಸಿ, ಚೀಲವನ್ನು ಪೂರ್ತಿ ತುಂಬದೆ ಮೇಲ್ಭಾಗವನ್ನು ಮಡಿಸಿ ಕುಳ್ಳಗಾಗಿಸಿ. ಹೊರಜೇಬುಗಳಲ್ಲಿ ಒದ್ದೆಯಾದರೆ ಕೆಡುವ ಯಾವುದನ್ನೂ ಇಡಬೇಡಿ.

ಮೂರು ಚೀಲಗಳನ್ನು ನಾನು ಹೀಗೆ ವಿಂಗಡಿಸುತ್ತೇನೆ: ಮೊದಲನೆಯದರಲ್ಲಿ ಇಬ್ಬರ ಸ್ಲೀಪಿಂಗ್ ಬ್ಯಾಗ್, ಒಣಬಟ್ಟೆ, ವೈಯಕ್ತಿಕ ವಸ್ತುಗಳು, ಎರಡನೆಯದರಲ್ಲಿ ಡೇರೆ, ಟಾರ್ಪಾಲು, ಹಗ್ಗ, ಗರಗಸ, ರಿಪೇರಿ ಸಾಮಾನು, ಮೂರನೆಯದಾಗಿ ಆಹಾರ ಮತ್ತು ಅಡುಗೆ ಪಾತ್ರೆಗಳ ಪೀಪಾಯಿ. ಆಳಿಗೊಂದು ಚೀಲ ಎಂಬ ಚಾರಣದ ಅಭ್ಯಾಸವನ್ನು ಇಲ್ಲಿ ಬಿಟ್ಟುಬಿಡಿ. ಯಾರದ್ದು ಎಂಬುದಕ್ಕಿಂತ ಯಾವಾಗ ಬೇಕು ಎಂಬುದರ ಮೇಲೆ ವಿಂಗಡಿಸಿದರೆ, ಮಳೆ ಸುರಿಯುತ್ತಿರುವಾಗ ದಡ ಸೇರಿದ ಸಂಜೆ ಅದರ ಫಲ ಗೊತ್ತಾಗುತ್ತದೆ. ಎರಡನೆಯ ಚೀಲವನ್ನು ಮಾತ್ರ ಬಿಚ್ಚುತ್ತೀರಿ. ತೀರಾ ಮೇಲೆ ಇಟ್ಟಿದ್ದ ಟಾರ್ಪಾಲನ್ನು ಮೊದಲು ಎರಡು ಮರಗಳ ನಡುವೆ ಕಟ್ಟುತ್ತೀರಿ. ಅದರ ಅಡಿಯಲ್ಲಿ ಡೇರೆಯನ್ನು ಬಿಡಿಸಿಕೊಳ್ಳುತ್ತೀರಿ. ಡೇರೆ ನಿಂತ ಮೇಲಷ್ಟೇ ಮೊದಲ ಚೀಲದ ಬಾಯಿ ತೆರೆಯುತ್ತದೆ. ಸ್ಲೀಪಿಂಗ್ ಬ್ಯಾಗ್ ಮಳೆಹನಿಯನ್ನೇ ಕಾಣುವುದಿಲ್ಲ. ಬೆಳಿಗ್ಗೆ ಒದ್ದೆಯಾದ ಡೇರೆಯನ್ನು ಮಡಿಸಿ ಒಣಬಟ್ಟೆಗಳ ಜೊತೆ ತುರುಕುವ ಪ್ರಸಂಗವೂ ತಪ್ಪುತ್ತದೆ. ಟಾರ್ಪಾಲು ಸುಮಾರು ಮೂರು ಮೀಟರ್ ಚೌಕದ್ದಿರಲಿ. ಅದನ್ನು ಅನಗತ್ಯ ಭಾರವೆಂದು ಬಿಟ್ಟುಹೋಗುವ ಚಾರಣಿಗರು ಬಹಳ, ಆದರೆ ಇಡೀ ದಿನ ಮಳೆ ಹಿಡಿದುಕೊಂಡಾಗ ನಿಂತು ಅಡುಗೆ ಮಾಡಲು, ಕೂತು ಕಾಯಲು ಅದರಷ್ಟು ಪ್ರಯೋಜನಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ಪೀಪಾಯಿ ಎಂದಾಗ ನಿಮಗೆ ಅಚ್ಚರಿಯಾಗಿರಬಹುದು. ಗಟ್ಟಿ ಪ್ಲಾಸ್ಟಿಕ್ಕಿನ, ಲೋಹದ ಪಟ್ಟಿಯಿಂದ ಮುಚ್ಚಳ ಬಿಗಿಯುವ ನೀಲಿ ಪೀಪಾಯಿಗಳು ಕನೂ ಪಯಣಿಗರಲ್ಲಿ ಚೆನ್ನಾಗಿ ಬಳಕೆಯಲ್ಲಿವೆ. 30 ಮತ್ತು 60 ಲೀಟರಿನ ಅಳತೆಗಳು ಸಾಮಾನ್ಯವಾಗಿದ್ದು, ಬೆನ್ನಿಗೆ ಹಾಕಿಕೊಳ್ಳಲು ಪ್ರತ್ಯೇಕ ಪಟ್ಟಿಸಾಧನ ಸಿಗುತ್ತದೆ. ಇಬ್ಬರ ಒಂದು ವಾರದ ಆಹಾರ, ಒಲೆ ಮತ್ತು ಪಾತ್ರೆಗಳಿಗೆ 60 ಲೀಟರಿನದು ಸಾಕು. ನೀರು ಒಳಗೆ ಬರುವುದಿಲ್ಲ, ತಿನಿಸು ಜಜ್ಜಿಹೋಗುವುದಿಲ್ಲ, ಇಲಿ ಅಳಿಲುಗಳು ಕೊರೆಯಲಾರವು, ಶಿಬಿರದಲ್ಲಿ ಕೂರುವ ಪೀಠವೂ ಆಗುತ್ತದೆ. ದೊಡ್ಡ ಪೀಪಾಯಿಯನ್ನು ಬಾಯಿತನಕ ತುಂಬುವ ಆಸೆಯೊಂದನ್ನು ಮಾತ್ರ ಹತ್ತಿಕ್ಕಿಕೊಳ್ಳಬೇಕು, ಏಕೆಂದರೆ ತುಂಬಿದ ಪೀಪಾಯಿ ಒಬ್ಬರೇ ನೆಲದಿಂದ ಎತ್ತಿ ಬೆನ್ನಿಗೇರಿಸಲಾಗದಷ್ಟು ಭಾರವಾಗಬಲ್ಲದು. ಬೆನ್ನಿಗೆ ತಾಗುವ ಬದಿಯಲ್ಲಿ ಮೆತ್ತಗಿನ ವಸ್ತುಗಳನ್ನು ಇಟ್ಟು ಪ್ರಯೋಜನವಿಲ್ಲ, ಅದು ಹೇಗೂ ಗಟ್ಟಿ. ಭಾರದ ವಸ್ತುಗಳನ್ನು ನಡುಮಟ್ಟದಲ್ಲಿ ಇಟ್ಟರೆ ನಡಿಗೆಯಲ್ಲಿ ಓಲಾಡುವುದು ಕಡಿಮೆಯಾಗುತ್ತದೆ.

ಡ್ರೈ ಬ್ಯಾಗ್ ಎಲ್ಲಕ್ಕೂ ಬೇಕಿಲ್ಲ. ಒದ್ದೆಯಾದರೆ ಜೀವಕ್ಕೆ ತೊಂದರೆ ತರುವ ವಸ್ತುಗಳಿಗೆ ಎರಡು ಪದರದ ರಕ್ಷಣೆ, ಒದ್ದೆಯಾದರೆ ಬೇಸರ ಮಾತ್ರ ತರುವ ವಸ್ತುಗಳಿಗೆ ಒಂದು ಪದರ, ಉಳಿದವಕ್ಕೆ ಏನೂ ಬೇಡ. ಸ್ಲೀಪಿಂಗ್ ಬ್ಯಾಗ್ ಮತ್ತು ಒಂದು ಜೊತೆ ಒಣಬಟ್ಟೆ ಮೊದಲ ಗುಂಪಿನವು. ಹಕ್ಕಿಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ನೀರು ಕುಡಿದರೆ ಪುಕ್ಕಗಳು ಮುದ್ದೆಯಾಗಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತವೆ, ಮತ್ತು ತೇವದ ಹವೆಯಲ್ಲಿ ಅದು ಒಣಗುವುದಕ್ಕೆ ದಿನಗಳೇ ಹಿಡಿಯುತ್ತವೆ. ಇಡೀ ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ಕಿನ ದೊಡ್ಡ ಒಳಚೀಲವೊಂದನ್ನು ಹಾಕಿ, ಅದರೊಳಗೆ ಈ ಎರಡನ್ನು ಮಾತ್ರ ಪ್ರತ್ಯೇಕ ಡ್ರೈ ಬ್ಯಾಗ್‌ಗಳಲ್ಲಿ ಇಡಿ. ಡೇರೆಯ ಕಂಬಗಳಿಗೆ, ಪಾತ್ರೆಗಳಿಗೆ, ಹಗ್ಗಕ್ಕೆ ನೀರು ತಾಗಿದರೆ ಏನೂ ಆಗುವುದಿಲ್ಲ.

ಮುಚ್ಚುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಒಳ್ಳೆಯ ಚೀಲಗಳಲ್ಲೂ ನೀರು ನುಗ್ಗುವುದು ಬಾಯಿಯಿಂದಲೇ. ಡ್ರೈ ಬ್ಯಾಗನ್ನು ಮುಕ್ಕಾಲು ಭಾಗವಷ್ಟೇ ತುಂಬಿ, ಅದರ ಮೇಲೆ ಮೊಣಕಾಲೂರಿ ಗಾಳಿಯನ್ನು ಹೊರಹಾಕಿ, ಬಾಯಿಯ ಎರಡು ಅಂಚುಗಳನ್ನು ಸುಕ್ಕಿಲ್ಲದಂತೆ ಕೂಡಿಸಿ ಹಿಡಿದು, ಕನಿಷ್ಠ ಮೂರು ಸುತ್ತು ಬಿಗಿಯಾಗಿ ಸುರುಳಿ ಸುತ್ತಿದ ಮೇಲೆ ಬಕಲ್ ಹಾಕಬೇಕು. ಆಮೇಲೆ ಚೀಲವನ್ನು ತಬ್ಬಿ ಒತ್ತಿ ನೋಡಿ. ಉಸ್ಸೆಂದು ಗಾಳಿ ಹೊರಬಂದರೆ ಅದೇ ದಾರಿಯಲ್ಲಿ ನೀರು ಒಳಬರುತ್ತದೆ. ಪ್ಲಾಸ್ಟಿಕ್ ಒಳಚೀಲಕ್ಕೆ ಸುರುಳಿ ಸಾಲದು: ಗಾಳಿ ಹೊರಗೊತ್ತಿ, ಬಾಯಿಯನ್ನು ಜಡೆಯಂತೆ ತಿರುಚಿ, ತಿರುಚಿದ ಭಾಗವನ್ನು ಹಿಮ್ಮಡಿಸಿ ದಪ್ಪ ರಬ್ಬರ್ ಪಟ್ಟಿಯಿಂದ ಬಿಗಿಯಬೇಕು. ಒದ್ದೆ ಬೆರಳಿನಿಂದ ಬಿಚ್ಚಲಾಗದ ಗಂಟು ಮಾತ್ರ ಹಾಕಬೇಡಿ. ಅದನ್ನು ಬಿಚ್ಚಲು ಹೋಗಿಯೇ ಒಳಚೀಲಗಳು ಹರಿಯುತ್ತವೆ. ಸುರುಳಿಬಾಯಿಯ ಚೀಲಗಳು ಸಿಡಿಹನಿ, ಮಳೆ, ಅಲ್ಪಕಾಲದ ಮುಳುಗಡೆಯನ್ನು ತಡೆಯುತ್ತವೆಯೇ ಹೊರತು ಗಂಟೆಗಟ್ಟಲೆ ನೀರಡಿಯಲ್ಲಿ ಇರಲು ಮಾಡಿದವಲ್ಲ. ಮೊಬೈಲ್, ಕ್ಯಾಮೆರಾ, ಉಪಗ್ರಹ ಸಂದೇಶ ಸಾಧನಗಳಿಗೆ ರಬ್ಬರ್ ಅಂಚಿನ ಗಟ್ಟಿ ಡಬ್ಬಿಯೇ ಮೇಲು.

ಮೂರು ಚೀಲಗಳಲ್ಲಿ ಸೇರದ, ಸೇರಿಸಲೇಬಾರದ ಕೆಲವು ವಸ್ತುಗಳಿವೆ. ಉತ್ತರದ ಸರೋವರಗಳ ನೀರು ಬೇಸಿಗೆಯ ಕೊನೆಯಲ್ಲೂ ತಣ್ಣಗಿರಬಹುದು. ತಣ್ಣೀರಿನ ಪರಿಣಾಮಗಳನ್ನು ಅಧ್ಯಯನ ಮಾಡಿದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಪ್ರಚಾರಕ್ಕೆ ತಂದ 1-10-1 ಎಂಬ ಸೂತ್ರ ನೆನಪಿಡಲು ಸುಲಭ: ಕೊರೆಯುವ ನೀರಿಗೆ ಬಿದ್ದವರಿಗೆ ಏದುಸಿರನ್ನು ಹತೋಟಿಗೆ ತಂದುಕೊಳ್ಳಲು ಸುಮಾರು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ದೇಹದ ಉಷ್ಣ ಇಳಿದು ಎಚ್ಚರ ತಪ್ಪುವ ಮೊದಲು ಸುಮಾರು 1 ಗಂಟೆ. ಎಚ್ಚರ ತಪ್ಪುವುದಕ್ಕೆ ಎಷ್ಟೋ ಮೊದಲೇ ಬೆರಳುಗಳು ಬಕಲ್ ಬಿಚ್ಚುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ ಎಂಬುದು ಗಂಟು ಕಟ್ಟುವವರು ಇದರಿಂದ ಅರಿಯಬೇಕಾದ ಸಂಗತಿ. ಲೈಫ್ ಜಾಕೆಟ್ ಚೀಲದ ಮೇಲಿಡುವ ವಸ್ತುವಲ್ಲ. ಅದು ಮೈಮೇಲೆ, ಜಿಪ್ ಹಾಕಿದ ಸ್ಥಿತಿಯಲ್ಲಿ ಇರಬೇಕು. ಅದರ ಜೇಬಿನಲ್ಲಿ ಸೀಟಿ, ಮಡಿಸುವ ಚಾಕು, ನೀರು ಹೋಗದಂತೆ ಕಟ್ಟಿದ ಲೈಟರ್, ಚಿಕ್ಕ ದಿಕ್ಸೂಚಿ, ಮತ್ತು ತುರ್ತು ಕರೆಯ ಸಾಧನವಿದ್ದರೆ ಅದೂ ಇರಲಿ. ದೋಣಿ ಒಂದು ಕಡೆ, ನೀವು ಇನ್ನೊಂದು ಕಡೆ ದಡ ಸೇರುವ ಸಂದರ್ಭದಲ್ಲಿ ನಿಮ್ಮ ಆಸ್ತಿಯೆಂದರೆ ಜೇಬಿನಲ್ಲಿದ್ದುದು ಮಾತ್ರ. ಇಬ್ಬರ ಜೇಬಿನಲ್ಲೂ ಇವು ಪ್ರತ್ಯೇಕವಾಗಿರಬೇಕು.

ಇದಲ್ಲದೆ ಹಗಲಿನ ಬಳಕೆಗೆ ಚಿಕ್ಕದೊಂದು ಡ್ರೈ ಬ್ಯಾಗ್ ಕೈಗೆಟಕುವಂತೆ ಇರಲಿ: ಮಳೆಯಂಗಿ, ಮಧ್ಯಾಹ್ನದ ತಿನಿಸು, ನೀರು ಶುದ್ಧೀಕರಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬಿಸಿಲಿನ ಕ್ರೀಮು, ಸೊಳ್ಳೆ ನೊಣಗಳಿಗೆ ತಲೆಬಲೆ, ಟಾರ್ಚ್. ಪೋರ್ಟೇಜ್‌ನಲ್ಲಿ ಇದು ಪ್ರತ್ಯೇಕ ಹೊರೆಯಾಗದೆ ದೊಡ್ಡ ಚೀಲವೊಂದರ ಬಾಯಿಯೊಳಗೆ ಇಳಿಯುವಷ್ಟು ಚಿಕ್ಕದಾಗಿರಬೇಕು. ನಕ್ಷೆ ಜಲನಿರೋಧಕ ಲಕೋಟೆಯಲ್ಲಿ ಮುಂದೆ ಕೂತವರ ಕಣ್ಣೆದುರಿಗೆ, ದೋಣಿಗೆ ಕ್ಲಿಪ್ ಹಾಕಿ ಇರಲಿ. ಇನ್ನೊಂದು ಪ್ರತಿ ಚೀಲದಲ್ಲಿರಲಿ. ಮೊಬೈಲಿನ ನಕ್ಷೆ ಇದೆಯೆಂದು ಕಾಗದದ ನಕ್ಷೆ ಬಿಡಬೇಡಿ, ಒದ್ದೆ ಬೆರಳಿಗೆ ಆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಇಬ್ಬರಿಗೂ ತಲಾ ಎರಡು ಜೊತೆ ಸಾಕೆಂದರೆ ನೀವು ಹುಬ್ಬೇರಿಸಬಹುದು. ಒಂದು ಜೊತೆ ಹಗಲಿನದು, ಅದು ಒದ್ದೆಯಾಗುವುದು ಖಚಿತ. ಇನ್ನೊಂದು ಶಿಬಿರದ್ದು, ಅದು ಒದ್ದೆಯಾಗಲೇಬಾರದು. ಬೆಳಿಗ್ಗೆ ಎದ್ದು ಒಣಬಟ್ಟೆಯನ್ನು ಕಳಚಿ ಚೀಲದೊಳಗಿಟ್ಟು, ಹಿಂದಿನ ದಿನದ ತೇವ ಬಟ್ಟೆಯನ್ನೇ ಮತ್ತೆ ಮೈಗೇರಿಸುವ ಆ ಐದು ನಿಮಿಷ ಹಿತವಾಗಿರುವುದಿಲ್ಲ, ಆದರೂ ಈ ಶಿಸ್ತನ್ನು ಮುರಿಯಬೇಡಿ. ಮುರಿದರೆ ಎರಡನೆಯ ಸಂಜೆಯ ಹೊತ್ತಿಗೆ ಎರಡೂ ಜೊತೆ ಒದ್ದೆಯಾಗಿರುತ್ತವೆ. ಹತ್ತಿಬಟ್ಟೆ ನೀರನ್ನು ಹಿಡಿದಿಟ್ಟುಕೊಂಡು ಮೈಯ ಶಾಖವನ್ನು ಹೀರುವುದರಿಂದ ಉಣ್ಣೆ ಅಥವಾ ಪಾಲಿಯೆಸ್ಟರ್ ಬಟ್ಟೆಗಳನ್ನು ಆರಿಸಿ. ಜೀನ್ಸ್ ಬೇಡವೇ ಬೇಡ. ಬೆಚ್ಚನೆಯ ಮೇಲಂಗಿ, ಉಣ್ಣೆ ಟೋಪಿ ಮತ್ತು ಮಳೆಯ ಅಂಗಿ ಪ್ಯಾಂಟು ಈ ಎರಡು ಜೊತೆಗಳ ಹೊರಗಿನ ಲೆಕ್ಕ. ಪಾದರಕ್ಷೆಯೂ ಎರಡು ಜೊತೆಯೇ: ದೋಣಿಯಿಂದ ಮೊಣಕಾಲುದ್ದ ನೀರಿಗಿಳಿದು, ಅದರಲ್ಲೇ ಪೋರ್ಟೇಜ್ ನಡೆಯಬಲ್ಲ, ಬೆರಳು ಮುಚ್ಚುವ, ನೀರು ಬಸಿದುಹೋಗುವ ಗಟ್ಟಿ ಬೂಟು ಒಂದು, ಶಿಬಿರಕ್ಕೆ ಹಗುರವಾದುದು ಇನ್ನೊಂದು. ದೋಣಿಯನ್ನು ಬಂಡೆಗೆ ತಾಗದಂತೆ ನೀರಿನಲ್ಲೇ ನಿಲ್ಲಿಸಿ ಸಾಮಾನು ಇಳಿಸುವುದು ಇಲ್ಲಿನ ಕ್ರಮವಾದ್ದರಿಂದ ಕಾಲು ಒದ್ದೆಯಾಗದಂತೆ ಉಳಿಸಿಕೊಳ್ಳುವ ಪ್ರಯತ್ನವೇ ವ್ಯರ್ಥ.

ಆಹಾರವನ್ನು ತಲೆಗೆ ದಿನವೊಂದಕ್ಕೆ 700ರಿಂದ 800 ಗ್ರಾಂ ಒಣತೂಕದ ಲೆಕ್ಕದಲ್ಲಿ ತೂಗಿ. ಇಬ್ಬರಿಗೆ ಏಳು ದಿನವೆಂದರೆ ಸುಮಾರು 10ರಿಂದ 11 ಕಿಲೋ. ಅದರ ಮೇಲೆ ಒಂದು ಪೂರ್ತಿ ದಿನದ ಆಹಾರವನ್ನು ಹೆಚ್ಚುವರಿಯಾಗಿ ಇಡಬೇಕು. ದೊಡ್ಡ ಸರೋವರದಲ್ಲಿ ಗಾಳಿ ಎದ್ದು ಅಲೆಗಳು ನೊರೆಗಟ್ಟತೊಡಗಿದರೆ ಇಡೀ ದಿನ ದಡದಲ್ಲಿ ಕೂರಬೇಕಾಗಬಹುದು, ಮತ್ತು ಮೀಸಲು ಊಟ ಚೀಲದಲ್ಲಿದ್ದವರಿಗೆ ಆ ನಿರ್ಧಾರ ಸುಲಭವಾಗುತ್ತದೆ. ಹೊಟ್ಟೆಗಿಲ್ಲದವರು ಅಲೆಗಳ ಮೇಲೆ ಜೂಜಾಡುತ್ತಾರೆ. ಗ್ರಾಂ ಒಂದಕ್ಕೆ 9 ಕ್ಯಾಲೊರಿ ಕೊಡುವ ಕೊಬ್ಬು ಧಾನ್ಯಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ತುಂಬಿಕೊಂಡಿರುವುದರಿಂದ, ಎಣ್ಣೆ, ಬೀಜಗಳು ಮತ್ತು ಚೀಸ್‌ನ ಪಾಲನ್ನು ತುಸು ಹೆಚ್ಚಿಸಿದರೆ ತೂಕ ಇಳಿಯುತ್ತದೆ. ಪ್ರತಿ ಹೊತ್ತಿನ ಊಟವನ್ನು ಅಳತೆ ಮಾಡಿ ಬೇರೆ ಬೇರೆ ಪೊಟ್ಟಣ ಕಟ್ಟಿ, ದಿನದ ಪೊಟ್ಟಣಗಳನ್ನು ಒಟ್ಟುಮಾಡಿ, ಕೊನೆಯ ದಿನದ್ದು ಪೀಪಾಯಿಯ ತಳಕ್ಕೂ ಮೊದಲ ದಿನದ್ದು ಮೇಲಕ್ಕೂ ಬರುವಂತೆ ಇಡಿ. ರಟ್ಟಿನ ಪೆಟ್ಟಿಗೆ, ಹೆಚ್ಚುವರಿ ಹೊದಿಕೆಗಳನ್ನು ಮನೆಯಲ್ಲೇ ತೆಗೆದುಹಾಕಿ, ಏಕೆಂದರೆ ಒಯ್ದ ಕಸವೆಲ್ಲ ನಿಮ್ಮ ಬೆನ್ನ ಮೇಲೆಯೇ ಮರಳಬೇಕು. ಮಿನೆಸೋಟಾದ ಬೌಂಡರಿ ವಾಟರ್ಸ್, ಒಂಟಾರಿಯೊದ ಅಲ್ಗಾಂಕ್ವಿನ್ ಉದ್ಯಾನದ ಒಳಭಾಗ ಮೊದಲಾದ ಕಡೆ ಆಹಾರ ಪಾನೀಯಗಳ ತಗಡಿನ ಡಬ್ಬಿ, ಗಾಜಿನ ಬಾಟಲಿಗಳಿಗೆ ನಿಷೇಧವೇ ಇದೆ. ನೀವು ಹೋಗುವಲ್ಲಿನ ನಿಯಮವನ್ನು ಗಂಟು ಕಟ್ಟುವ ಮೊದಲೇ ತಿಳಿದುಕೊಳ್ಳಿ.

ಕುಡಿಯುವ ನೀರನ್ನು ಹೊತ್ತೊಯ್ಯಬೇಕಿಲ್ಲ, ಶುದ್ಧ ಮಾಡಿಕೊಳ್ಳಬೇಕು. ಒಂದು ನಿಮಿಷ ಕುದಿಸಿದರೆ ಸಾಕು. ಸೋಸುವ ಸಾಧನವಿದ್ದರೆ ಇಂಧನ ಉಳಿಯುತ್ತದೆ. ಟೊಳ್ಳುನೂಲಿನ ಸೋಸುಕಗಳೊಳಗಿನ ನೀರು ಹೆಪ್ಪುಗಟ್ಟಿದರೆ ನೂಲುಗಳು ಸೀಳಿ, ಹೊರಗೆ ಏನೂ ಕಾಣದೆಯೇ ಸಾಧನ ನಿಷ್ಪ್ರಯೋಜಕವಾಗುತ್ತದೆ. ಆದ್ದರಿಂದ ಮಂಜುಗಟ್ಟುವ ಸೂಚನೆಯಿರುವ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಕೆಟ್ಟರೆ ಇರಲಿ ಎಂದು ಶುದ್ಧೀಕರಣದ ಮಾತ್ರೆಗಳ ಪಟ್ಟಿಯೊಂದು ಜೊತೆಗಿರಲಿ. ಸೌದೆಯನ್ನೇ ನಂಬಿಕೊಂಡು ಹೋಗಬೇಡಿ. ಒಣಹವೆಯಲ್ಲಿ ಬೆಂಕಿ ಹಾಕುವುದನ್ನು ನಿಷೇಧಿಸುತ್ತಾರೆ, ಮಳೆಯಲ್ಲಿ ಸೌದೆ ಹತ್ತುವುದಿಲ್ಲ.

ಚೀಲಗಳನ್ನು ದೋಣಿಗೆ ಕಟ್ಟುವ ಪ್ರಶ್ನೆಯಲ್ಲಿ ಅನುಭವಿಗಳಲ್ಲೇ ಒಮ್ಮತವಿಲ್ಲ. ಕಟ್ಟಬಾರದು ಎನ್ನುವವರ ವಾದ ಹೀಗಿದೆ: ಮಗುಚಿದ ದೋಣಿಯನ್ನು ಇನ್ನೊಂದು ದೋಣಿಯ ಮೇಲೆ ಎಳೆದು ನೀರು ಖಾಲಿ ಮಾಡುವಾಗ ಕಟ್ಟಿದ ಚೀಲಗಳು ಅಡ್ಡಿಯಾಗುತ್ತವೆ, ಬಿಡಿಯಾಗಿದ್ದರೆ ಅವು ತೇಲಿಕೊಂಡು ಹೊರಬಂದು ದೋಣಿ ಹಗುರಾಗುತ್ತದೆ. ಕಟ್ಟಬೇಕು ಎನ್ನುವವರ ವಾದ: ಬಿಗಿಯಾಗಿ ಕಟ್ಟಿದ, ಗಾಳಿ ತುಂಬಿದ ಚೀಲಗಳು ದೋಣಿಯೊಳಗೆ ನೀರಿನ ಜಾಗವನ್ನು ಆಕ್ರಮಿಸಿ ದೋಣಿ ಎತ್ತರದಲ್ಲಿ ತೇಲುವಂತೆ ಮಾಡುತ್ತವೆ, ಸಾಮಾನು ಚದುರುವುದಿಲ್ಲ. ಎರಡೂ ಸರಿಯೇ, ಆದರೆ ಮೊದಲನೆಯ ವಾದಕ್ಕೆ ನೆರವಿಗೆ ಬರುವ ಎರಡನೆಯ ದೋಣಿ ಬೇಕು, ಅದು ನಿಮ್ಮಲ್ಲಿಲ್ಲ. ನೀವಿಬ್ಬರೇ ಇರುವುದರಿಂದ ಕಟ್ಟಿ ಎಂಬುದು ನನ್ನ ಸಲಹೆ. ಕಟ್ಟುವುದಾದರೆ ಚೀಲ ತಳದಿಂದ ಅಲುಗದಂತೆ ಅಡ್ಡಪಟ್ಟಿಗಳಿಗೆ ಬಿಗಿಯಾಗಿ ಕಟ್ಟಬೇಕು. ಒಂದೆರಡು ಮೀಟರ್ ಉದ್ದದ ಹಗ್ಗದ ತುದಿಗೆ ಚೀಲವನ್ನು ಬಿಟ್ಟು, ಕಟ್ಟಿದ್ದೇವೆ ಎಂದುಕೊಳ್ಳುವುದು ಎರಡೂ ಪದ್ಧತಿಗಳಲ್ಲಿನ ಕೆಟ್ಟದ್ದನ್ನು ಒಟ್ಟುಗೂಡಿಸಿದಂತೆ. ಮಗುಚಿದಾಗ ಆ ಸಡಿಲ ಹಗ್ಗ ಕಾಲಿಗೆ ಸುತ್ತಿಕೊಳ್ಳಬಹುದು, ಹರಿವಿನಲ್ಲಿ ಬಂಡೆಗೆ ಸಿಕ್ಕಿಕೊಳ್ಳಬಹುದು. ಹಗ್ಗಕ್ಕಿಂತ ಬಕಲ್ ಇರುವ ಪಟ್ಟಿ ವಾಸಿ. ನೀವು ಹೇಳಿದ ರಭಸದ ಹರಿವನ್ನಂತೂ, ನಿಮ್ಮ ಅನುಭವದ ಮಟ್ಟದಲ್ಲಿ, ತುಂಬಿದ ದೋಣಿಯಲ್ಲಿ ಇಳಿಯದೆ ದಡದ ದಾರಿಯಲ್ಲೇ ಹೊತ್ತು ದಾಟಿ.

ತುಂಬುವಾಗ ದೋಣಿ ನೀರಿನಲ್ಲಿ ತೇಲುತ್ತಿರಬೇಕು. ಅರ್ಧ ದಡದ ಮೇಲೆ, ಅರ್ಧ ನೀರಿನಲ್ಲಿ ನಿಂತ ದೋಣಿಗೆ ಭಾರ ಹೇರಿದರೆ ನಡು ಬಾಗುತ್ತದೆ, ತಳ ಕಲ್ಲಿಗೆ ತರಚುತ್ತದೆ. ಕೆವ್ಲಾರ್ ಎಂಬ ಹಗುರ ನಾರಿನಿಂದ ಮಾಡಿದ ದೋಣಿಯಾದರೆ ಇನ್ನೂ ಜೋಪಾನ. ಒಬ್ಬರು ದೋಣಿ ಹಿಡಿದು ನಿಲ್ಲಲಿ, ಇನ್ನೊಬ್ಬರು ಅತಿ ಭಾರದ ಪೀಪಾಯಿಯನ್ನು ನೊಗದ (ದೋಣಿಯನ್ನು ಹೆಗಲಿಗೇರಿಸಲು ನಡುವೆ ಇರುವ ಅಡ್ಡಪಟ್ಟಿ) ಹತ್ತಿರ, ಉದ್ದಕ್ಕೂ ಅಗಲಕ್ಕೂ ನಡುಮಧ್ಯೆ ಇಳಿಸಲಿ. ಉಳಿದ ಎರಡು ಚೀಲಗಳು ಅದರ ಹಿಂದೆ ಮುಂದೆ, ಅಂಚಿಗಿಂತ ಕೆಳಗೆ ಮಲಗಲಿ. ಇಬ್ಬರೂ ಕೂತ ಮೇಲೆ ನೀರಿನ ಮಟ್ಟದಿಂದ ದೋಣಿಯ ಅಂಚು, ತೀರಾ ತಗ್ಗಿದ ಜಾಗದಲ್ಲೂ, ಕನಿಷ್ಠ 15 ಸೆಂಟಿಮೀಟರ್ ಮೇಲಿರಬೇಕು. ಶಾಂತ ನೀರಿನಲ್ಲಿ ಹಿಂತುದಿ ಕೂದಲೆಳೆಯಷ್ಟು ಹೆಚ್ಚು ತಗ್ಗಿದ್ದರೆ ನೇರ ಸಾಗಲು ಅನುಕೂಲ. ಎದುರುಗಾಳಿಯಲ್ಲಿ ಮಾತ್ರ ಹಗುರಾದ ಮುಂತುದಿಯನ್ನು ಗಾಳಿ ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಆಗ ಚೀಲವೊಂದನ್ನು ಮುಂದಕ್ಕೆ ಸರಿಸಿದರೆ, ನೀರಿನಲ್ಲಿ ಆಳಕ್ಕೆ ಕೂತ ಮುಂತುದಿ ಗಾಳಿಗೆ ಎದುರಾಗಿಯೇ ನಿಲ್ಲುತ್ತದೆ. ಹಿಂದಿನಿಂದ ಗಾಳಿ ಬಂದರೆ ಇದರ ವಿರುದ್ಧ. ಹೀಗೆ ಸರಿಸಲು ಸಾಧ್ಯವಿರಬೇಕಾದ್ದರಿಂದ ಬಕಲ್ ಪಟ್ಟಿಗಳನ್ನು ಹೇಳಿದ್ದು.

ಇನ್ನು ದೋಣಿಯದೇ ಸಾಮಾನು. ಇಬ್ಬರಿಗೆ ಮೂರು ಹುಟ್ಟುಗಳು. ಮೂರನೆಯದನ್ನು ತಟ್ಟನೆ ಎಳೆದುಕೊಳ್ಳುವಂತೆ ಸಿಕ್ಕಿಸಿರಬೇಕು. ಎರಡೂ ತುದಿಗೆ ನಾಲ್ಕೈದು ಮೀಟರಿನ ತೇಲುವ ಹಗ್ಗ, ಸುರುಳಿ ಮಾಡಿ ರಬ್ಬರ್ ಪಟ್ಟಿಯಡಿ ಸಿಕ್ಕಿಸಿ. ನೀರು ಮೊಗೆಯುವ ಡಬ್ಬ, ದೊಡ್ಡ ಸ್ಪಂಜು. ಕೆನಡಾದ ನಿಯಮದಂತೆ ಕನೂವಿನಲ್ಲಿ ನೀರಿಗೆ ಬಿದ್ದವರತ್ತ ಎಸೆಯಲು ಕನಿಷ್ಠ 15 ಮೀಟರ್ ಉದ್ದದ ತೇಲುವ ಎಸೆಹಗ್ಗ ಇರಲೇಬೇಕು. ನಿಯಮವಿಲ್ಲದ ಕಡೆಯೂ ಒಯ್ಯಿರಿ. ರಿಪೇರಿಗೆ ದಪ್ಪ ಅಂಟುಪಟ್ಟಿ, ಮೆತು ತಂತಿ, ಸೂಜಿ ಮತ್ತು ಗಟ್ಟಿ ದಾರ, ಇಕ್ಕಳ, ಆಸನ ಮತ್ತು ನೊಗದ ಬೋಲ್ಟ್‌ಗಳಿಗೆ ಹೊಂದುವ ಒಂದೆರಡು ಹೆಚ್ಚುವರಿ ಬೋಲ್ಟು ನಟ್ಟು. ನೊಗದ ಬೋಲ್ಟ್ ಕಳಚಿದರೆ 20ರಿಂದ 30 ಕಿಲೋ ತೂಗುವ ದೋಣಿಯನ್ನು ಹೊರುವುದೇ ಅಸಾಧ್ಯವಾಗುವುದರಿಂದ ಈ ಚಿಕ್ಕ ವಸ್ತುವನ್ನು ಒತ್ತಿ ಹೇಳುತ್ತಿದ್ದೇನೆ. ಪ್ರಥಮ ಚಿಕಿತ್ಸೆಗೆ ಚಾರಣದ ಪೆಟ್ಟಿಗೆಯೇ ಸಾಕು; ಅಡುಗೆಯ ಸುಟ್ಟಗಾಯ, ಗರಗಸದ ಗಾಯಗಳಿಗೆ ಪಟ್ಟಿಗಳನ್ನು ಹೆಚ್ಚಿಸಿ, ಮತ್ತು ನಿತ್ಯ ಸೇವಿಸುವ ಔಷಧಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ಚೀಲಗಳಲ್ಲಿಡಿ.

ಕರಡಿಗಳಿರುವ ಕಾಡಾದರೆ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ನೀಲಿ ಪೀಪಾಯಿ ವಾಸನೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆಯಾದರೂ ಕರಡಿಯನ್ನು ತಡೆಯುವುದಿಲ್ಲ. ರಾತ್ರಿ ಅದನ್ನು ಡೇರೆಯಿಂದ ದೂರ, ನೆಲದಿಂದ ಸುಮಾರು 4 ಮೀಟರ್ ಎತ್ತರಕ್ಕೆ, ಕಾಂಡದಿಂದ 2 ಮೀಟರ್ ಆಚೆಗೆ ನೇತುಹಾಕಬೇಕು. ಅದಕ್ಕೆ 15 ಮೀಟರಿಗೆ ಕಡಿಮೆಯಿಲ್ಲದ ಹಗ್ಗವೂ ಚಿಕ್ಕ ರಾಟೆಯೂ ಎರಡನೆಯ ಚೀಲದಲ್ಲಿರಲಿ. ಹಲ್ಲುಪುಡಿ, ಸಾಬೂನು, ಕ್ರೀಮುಗಳು ಕೂಡ ಆಹಾರದ ಜೊತೆಗೇ ಮೇಲೇರಬೇಕು. ಕರಡಿ ತೆರೆಯಲಾಗದ ಪ್ರಮಾಣಿತ ಡಬ್ಬಿಯನ್ನೇ ಕಡ್ಡಾಯ ಮಾಡಿರುವ ಪ್ರದೇಶಗಳಿವೆ. ಅಲ್ಲಿ ಪೀಪಾಯಿ ನಡೆಯುವುದಿಲ್ಲ.

ಏನು ಬಿಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಡಿಸುವ ಮೇಜು, ಐಸ್ ಪೆಟ್ಟಿಗೆ, ಮೂರನೆಯ ಪಾತ್ರೆ, ಕೊಡಲಿ ಮತ್ತು ಗರಗಸ ಎರಡೂ, ಒಂದಕ್ಕಿಂತ ಹೆಚ್ಚು ಪುಸ್ತಕ. ಗರಗಸವೊಂದೇ ಸಾಕು, ಅದು ಕೊಡಲಿಗಿಂತ ಹಗುರ, ಕಾಲಿಗೆ ಬೀಳುವ ಅಪಾಯವೂ ಕಡಿಮೆ. ಕುಳಿತುಕೊಳ್ಳಲು ಹಗುರವಾದ ಚಿಕ್ಕ ಕುರ್ಚಿ ಬೇಕೆಂದು ಯಾರಾದರೂ ಹಟ ಹಿಡಿದರೆ, ನಾಲ್ಕು ಹೊರೆಗಳ ಒಳಗೆ ಸೇರುವುದಾದರೆ ಇರಲಿ ಬಿಡಿ. ಚೀಲದ ಹೊರಗೆ ಕಟ್ಟುವುದಾದರೆ ಬೇಡ.

ಹೊರಡುವುದಕ್ಕೆ ಒಂದು ವಾರ ಮೊದಲು ಎಲ್ಲವನ್ನೂ ಪೂರ್ತಿ ತುಂಬಿ, ಮೂರೂ ಚೀಲಗಳನ್ನು ಒಬ್ಬೊಬ್ಬರೇ ನೆಲದಿಂದ ಎತ್ತಿ ಬೆನ್ನಿಗೇರಿಸಿ, ಕಾಲು ಗಂಟೆ ಮೆಟ್ಟಿಲು ಹತ್ತಿ ಇಳಿದು ನೋಡಿ. ಎತ್ತಲು ಇನ್ನೊಬ್ಬರ ಸಹಾಯ ಬೇಕಾದ ಚೀಲವನ್ನು ಅಲ್ಲೇ ಬಿಚ್ಚಿ ಹಗುರ ಮಾಡಿ. ಪಯಣದ ದಾರಿ, ಪ್ರತಿ ರಾತ್ರಿ ತಂಗಲು ಉದ್ದೇಶಿಸಿರುವ ಜಾಗ, ದೋಣಿ ಮತ್ತು ಡೇರೆಗಳ ಬಣ್ಣ, ಮರಳುವ ದಿನ, ಎಷ್ಟು ಹೊತ್ತಿನವರೆಗೆ ಸುದ್ದಿಯಿಲ್ಲದಿದ್ದರೆ ಯಾವ ಕಚೇರಿಗೆ ತಿಳಿಸಬೇಕು ಎಂಬುದನ್ನು ಬರೆದು ಮನೆಯವರ ಕೈಗೆ ಕೊಡಿ. ಗಾಳಿಗಾಗಿ ಇಟ್ಟುಕೊಂಡ ಆ ಒಂದು ಹೆಚ್ಚುವರಿ ದಿನವನ್ನೂ ಅದರಲ್ಲಿ ನಮೂದಿಸಿ, ಇಲ್ಲದಿದ್ದರೆ ನೀವು ದಡದಲ್ಲಿ ಟಾರ್ಪಾಲಿನಡಿ ನೆಮ್ಮದಿಯಾಗಿ ಕೂತಿರುವಾಗಲೇ ನಿಮಗಾಗಿ ಹುಡುಕಾಟ ಆರಂಭವಾಗಬಹುದು.